ತೊಡೆಯ ಹಿಂಭಾಗದ ಬಿಗಿತಕ್ಕೆ ಲೇಸರ್ ಚಿಕಿತ್ಸೆ: ನನ್ನ ಅನುಭವ

ಹಾಸನದ ನನ್ನ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ತೊಡೆಯ ಹಿಂಭಾಗ ಹಿಡಿದುಕೊಂಡಿದೆ ಎಂದು ಬರುವ 18ರಿಂದ 25 ವರ್ಷದವರಲ್ಲಿ ಮುಖ್ಯವಾಗಿ ಎರಡು ಬಗೆಯವರಿದ್ದಾರೆ. ಒಬ್ಬರು, ಬೆಳಿಗ್ಗೆಯಿಂದ ಸಂಜೆಯವರೆಗೆ ತರಗತಿಯಲ್ಲೂ ರಾತ್ರಿ ಲ್ಯಾಪ್‌ಟಾಪ್ ಮುಂದೆಯೂ ಕೂತೇ ಇರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಇನ್ನೊಬ್ಬರು, ಪೊಲೀಸ್ ಅಥವಾ ಸೇನಾ ನೇಮಕಾತಿಗಾಗಿ ಜಿಲ್ಲಾ ಕ್ರೀಡಾಂಗಣದಲ್ಲಿ ಮುಂಜಾನೆಯ ಚಳಿಯಲ್ಲೇ ಓಟ ಶುರುಮಾಡುವ, ಅರಕಲಗೂಡು, ಆಲೂರು, ಬೇಲೂರು ಕಡೆಯ ಹುಡುಗರು. ಇವರ ದಿನಚರಿಗಳಲ್ಲಿ ಯಾವ ಹೋಲಿಕೆಯೂ ಇಲ್ಲದಿದ್ದರೂ ಮಂಚದ ಮೇಲೆ ಅಂಗಾತ ಮಲಗಿಸಿ ಕಾಲೆತ್ತಿ ಮಂಡಿ ನೀಡಿಸಲು ಹೇಳಿದಾಗ ಇಬ್ಬರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತುಬಿಡುತ್ತಾರೆ. ಇಂಥವರಿಗೆ ಲೇಸರನ್ನು ನಾನು ಹೇಗೆ ಬಳಸುತ್ತೇನೆ, ಎಷ್ಟನ್ನು ಮಾತ್ರ ಅದರಿಂದ ನಿರೀಕ್ಷಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೇಸರ್ ಯಂತ್ರವನ್ನು ಮುಟ್ಟುವ ಮೊದಲು ಅಳತೆಯ ಕೆಲಸ ಮುಗಿಯಬೇಕು. ಸೊಂಟದ ಕೀಲನ್ನು 90 ಡಿಗ್ರಿಗೆ ಬಾಗಿಸಿ, ತೊಡೆ ನೆಟ್ಟಗೆ ನಿಂತಿರುವಂತೆ ಹಿಡಿಸಿ, ರೋಗಿಯೇ ಮಂಡಿಯನ್ನು ಎಷ್ಟು ನೀಡಬಲ್ಲನೆಂಬುದನ್ನು ಕೀಲಿನ ಕೋನ ಅಳೆಯುವ ಗೋನಿಯೋಮೀಟರಿನಿಂದ ನೋಡುತ್ತೇನೆ. ಪೂರ್ತಿ ನೀಡಲು 20 ಡಿಗ್ರಿಗಿಂತ ಹೆಚ್ಚು ಕೊರತೆಯಿದ್ದರೆ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯುಗಳ ಗುಂಪು, ಬಿಗಿಯಾಗಿದೆ ಎಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಎದುರು ಕಾಲು ಮಂಚದಿಂದ ಮೇಲೇಳದಂತೆ ಪಟ್ಟಿ ಬಿಗಿಯುತ್ತೇನೆ, ಏಕೆಂದರೆ ಸೊಂಟ ಸ್ವಲ್ಪ ಹೊರಳಿದರೂ ಕೋನ ಸುಳ್ಳು ಹೇಳುತ್ತದೆ. ನಾಲ್ಕೈದು ಡಿಗ್ರಿಗಳ ವ್ಯತ್ಯಾಸವು ಅಳೆಯುವ ಕೈಯಿಂದಲೇ ಬರಬಹುದಾದ್ದರಿಂದ ಅಷ್ಟನ್ನು ನಾನು ಸುಧಾರಣೆಯೆಂದು ಬರೆದುಕೊಳ್ಳುವುದಿಲ್ಲ.

ಅಳತೆಯ ಜೊತೆಗೆ ಇನ್ನೊಂದು ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ. ರೋಗಿಯನ್ನು ಬೆನ್ನು ಬಾಗಿಸಿ ಕೂರಿಸಿ, ಗದ್ದವನ್ನು ಎದೆಗೆ ತಾಗಿಸಿ, ಮಂಡಿ ನೀಡಿಸುತ್ತೇನೆ. ಆಮೇಲೆ ಕತ್ತನ್ನು ಮಾತ್ರ ಮೇಲೆತ್ತಿಸುತ್ತೇನೆ. ಕತ್ತೆತ್ತಿದ ಕೂಡಲೇ ತೊಡೆಯ ಹಿಂದಿನ ಎಳೆತ ಸಡಿಲವಾದರೆ ಅಲ್ಲಿ ಎಳೆಯುತ್ತಿರುವುದು ಸ್ನಾಯುವಿಗಿಂತ ಹೆಚ್ಚಾಗಿ ನರ. ಕತ್ತಿಗೂ ತೊಡೆಯ ಸ್ನಾಯುವಿಗೂ ನೇರ ಸಂಬಂಧವಿಲ್ಲ, ಆದರೆ ಮೆದುಳುಬಳ್ಳಿಯಿಂದ ಕಾಲಿನವರೆಗೆ ನರಮಂಡಲ ಒಂದೇ ಸಾಲಾಗಿ ಹಬ್ಬಿದೆ. ಹೀಗಿರುವವರಿಗೆ ಸ್ನಾಯುವಿನ ಮೇಲೆ ಲೇಸರ್ ಹಿಡಿದು ಅವರ ಹಣ ಖರ್ಚುಮಾಡಿಸುವುದರಲ್ಲಿ ಅರ್ಥವಿಲ್ಲ. ಅವರ ಕೆಳಬೆನ್ನನ್ನು ಮೊದಲು ನೋಡಬೇಕು.

ಲೇಸರ್ ಎಂದರೆ ಕತ್ತರಿಸುವ, ಸುಡುವ ಸಾಧನವೆಂಬ ಭಾವನೆ ಇನ್ನೂ ಗಟ್ಟಿಯಾಗಿದೆ. ಮಗನ ಜೊತೆ ಬಂದಿದ್ದ ರೈತರೊಬ್ಬರು, "ಇದು ಎಕ್ಸ್‌ರೇ ಥರಾನಾ ಸಾರ್? ಮುಂದೆ ಮದುವೆಯಾದ್ಮೇಲೆ ಏನೂ ತೊಂದ್ರೆ ಇಲ್ವಾ?" ಎಂದು ಮೆಲ್ಲಗೆ ಕೇಳಿದ್ದರು. ಅದು ಕೇಳಲೇಬೇಕಾದ ಪ್ರಶ್ನೆ. ಎಕ್ಸ್‌ರೇಯಂತೆ ಜೀವಕೋಶದ ಅಣುಗಳನ್ನು ಒಡೆಯುವ ಶಕ್ತಿ ಈ ಬೆಳಕಿಗಿಲ್ಲ. ಥಿಯೋಡೋರ್ ಮೈಮನ್ 1960ರಲ್ಲಿ ಮೊದಲ ಲೇಸರ್ ಮಾಡಿದ ಕೆಲವೇ ವರ್ಷಗಳಲ್ಲಿ, 1967ರಲ್ಲಿ, ಬುಡಾಪೆಸ್ಟಿನ ವೈದ್ಯ ಎಂಡ್ರೆ ಮೆಸ್ಟರ್ ಕೂದಲು ಬೋಳಿಸಿದ ಇಲಿಗಳ ಮೇಲೆ ಕಡಿಮೆ ಶಕ್ತಿಯ ಲೇಸರ್ ಹಾಯಿಸಿದಾಗ ಅಲ್ಲಿ ಕೂದಲು ಬೇಗ ಬೆಳೆದುದನ್ನು ಕಂಡರು. ಸುಡದ ಬೆಳಕೂ ಅಂಗಾಂಶದಲ್ಲಿ ಬದಲಾವಣೆ ತರಬಲ್ಲದೆಂಬ ತಿಳಿವಳಿಕೆ ಅಲ್ಲಿಂದ ಬೆಳೆದು ಬಂದಿದೆ. ಕತ್ತಲಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಆಚೆ ಬದಿಗೆ ಕೆಂಪು ಬೆಳಕು ಮಾತ್ರ ಕಾಣುತ್ತದೆ. ಕೆಂಪು ಮತ್ತು ಅದರಾಚೆಯ ಅವಗೆಂಪು ಬೆಳಕು ಚರ್ಮ, ರಕ್ತಗಳನ್ನು ದಾಟಿ ಒಳಹೋಗಬಲ್ಲವು ಎಂಬ ಕಾರಣಕ್ಕೇ ನಮ್ಮ ಯಂತ್ರಗಳು ಆ ತರಂಗಾಂತರಗಳನ್ನು ಬಳಸುತ್ತವೆ. ಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಈ ಬೆಳಕನ್ನು ಹೀರಿಕೊಳ್ಳುತ್ತದೆ, ಅದರಿಂದ ಕೋಶದ ಶಕ್ತಿಯ ಉತ್ಪಾದನೆ ಹೆಚ್ಚುತ್ತದೆ, ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ರಕ್ತನಾಳಗಳು ಹಿಗ್ಗುತ್ತವೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ.

ನಾನು ಹೆಚ್ಚಾಗಿ ಬಳಸುವುದು 808 ನ್ಯಾನೋಮೀಟರ್ ತರಂಗಾಂತರದ, 100 ಮಿಲಿವ್ಯಾಟ್ ಸಾಮರ್ಥ್ಯದ ಪ್ರೋಬ್, ಅಂದರೆ ಚರ್ಮಕ್ಕೆ ಹಿಡಿಯುವ, ಬೆಳಕು ಹೊರಬರುವ ಹಿಡಿಕೆ. ಲೆಕ್ಕ ಸುಲಭ: ವ್ಯಾಟನ್ನು ಸೆಕೆಂಡಿನಿಂದ ಗುಣಿಸಿದರೆ ಶಕ್ತಿಯ ಅಳತೆಯಾದ ಜೌಲ್. ಒಂದು ಬಿಂದುವಿಗೆ 4 ಜೌಲ್ ಕೊಡಬೇಕಾದರೆ ಪ್ರೋಬನ್ನು 40 ಸೆಕೆಂಡು ಅಲ್ಲೇ ಹಿಡಿದಿರಬೇಕು. ರೋಗಿಯನ್ನು ಬೋರಲು ಮಲಗಿಸಿ, ಕಣಕಾಲಿನ ಕೆಳಗೆ ಸಣ್ಣ ದಿಂಬಿಟ್ಟು ಸ್ನಾಯು ಸಡಿಲವಾಗುವಂತೆ ಮಾಡಿ, ಕುಳಿತಾಗ ನೆಲಕ್ಕೆ ಒತ್ತುವ ಪೃಷ್ಠದ ಮೂಳೆಯ ಕೆಳಗಿನಿಂದ ಮಂಡಿಯ ಹಿಂಗುಳಿಯ ಮೇಲ್ಭಾಗದವರೆಗೆ, ಹೊರಗಿನ ಮತ್ತು ಒಳಗಿನ ಎರಡೂ ಸಾಲುಗಳಲ್ಲಿ ಬಿಂದುಗಳನ್ನು ಗುರುತುಹಾಕುತ್ತೇನೆ. ಪ್ರೋಬನ್ನು ಚರ್ಮಕ್ಕೆ ಲಂಬವಾಗಿ, ಸ್ವಲ್ಪ ಒತ್ತಿ ಹಿಡಿಯಬೇಕು. ಒತ್ತಿದಾಗ ಅಲ್ಲಿನ ರಕ್ತ ಸರಿದು ಬೆಳಕು ಇನ್ನಷ್ಟು ಆಳಕ್ಕೆ ಇಳಿಯುತ್ತದೆ; ಓರೆಯಾದರೆ ಸಾಕಷ್ಟು ಬೆಳಕು ಮೇಲಿನಿಂದಲೇ ಚದುರಿಹೋಗುತ್ತದೆ. ಈ ಶಕ್ತಿಯಲ್ಲಿ ಬಿಸಿಯೇ ತಿಳಿಯುವುದಿಲ್ಲ. "ಏನೂ ಗೊತ್ತೇ ಆಗ್ತಿಲ್ವಲ್ಲ ಸಾರ್, ಮಿಷನ್ ಆನ್ ಆಗಿದ್ಯಾ?" ಎಂದು ಕೇಳದ ಹುಡುಗರು ಕಡಿಮೆ. ಹೆಚ್ಚು ಹೊತ್ತು ಹಿಡಿದರೆ ಹೆಚ್ಚು ಲಾಭ ಎಂಬ ಲೆಕ್ಕವೂ ಇಲ್ಲಿ ನಡೆಯದು; ಪ್ರಮಾಣ ಒಂದು ಮಿತಿ ದಾಟಿದರೆ ಪರಿಣಾಮ ಕುಗ್ಗುತ್ತದೆ ಎಂಬುದನ್ನು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ.

ಲೇಸರ್ ಮುಗಿದ ಕೂಡಲೇ ಸ್ಟ್ರೆಚಿಂಗ್. ಈ ಭಾಗವನ್ನು ನಾನು ಸಹಾಯಕರಿಗೆ ಬಿಟ್ಟುಕೊಡುವುದಿಲ್ಲ. ಮೊದಲು ರೋಗಿ ತನ್ನ ಹಿಮ್ಮಡಿಯನ್ನು ನನ್ನ ಭುಜಕ್ಕೆ ಕೆಲವು ಸೆಕೆಂಡು ಒತ್ತುತ್ತಾನೆ, ಬಿಡುತ್ತಾನೆ, ಆಗ ಸಿಕ್ಕಿದ ಹೊಸ ಕೋನದಲ್ಲಿ ಕಾಲನ್ನು 30 ಸೆಕೆಂಡು ಹಿಡಿಯುತ್ತೇನೆ. ಸಂಶೋಧಕರಾದ ಬ್ಯಾಂಡಿ ಮತ್ತು ಐರಿಯನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15 ಸೆಕೆಂಡಿಗಿಂತ 30 ಸೆಕೆಂಡು ಮೇಲು, 60 ಸೆಕೆಂಡು ಹಿಡಿದರೆ ಅದಕ್ಕಿಂತ ಹೆಚ್ಚೇನೂ ಸಿಗದು ಎಂದು ಕಂಡುಬಂದಿತ್ತು. ನನ್ನ ಮಂಚದ ಮೇಲೂ ಅದಕ್ಕೆ ವಿರುದ್ಧವಾದುದನ್ನು ಕಂಡಿಲ್ಲ.

ಇಷ್ಟು ವರ್ಷಗಳ ಕೆಲಸದಿಂದ ನನಗೆ ಮನದಟ್ಟಾಗಿರುವುದನ್ನು ನೇರವಾಗಿ ಹೇಳುತ್ತೇನೆ. ಲೇಸರ್ ಒಂದನ್ನೇ ಕೊಟ್ಟು ಕಳಿಸಿದರೆ ಸ್ನಾಯುವಿನ ನಮ್ಯತೆಯಲ್ಲಿ ಲೆಕ್ಕಕ್ಕೆ ಸಿಗುವಂಥ ಬದಲಾವಣೆ ನನಗೆ ಕಂಡಿಲ್ಲ. ಸಂಶೋಧನೆಗಳ ಫಲಿತಾಂಶಗಳೂ ಒಂದೇ ದಿಕ್ಕಿನಲ್ಲಿಲ್ಲ. ಆದರೆ ಓಟದಿಂದ ಸ್ನಾಯು ನೊಂದು, ಎಳೆದರೆ ನೋಯುತ್ತದೆಂಬ ಭಯಕ್ಕೆ ಕಾಲನ್ನು ಗಟ್ಟಿಮಾಡಿಕೊಳ್ಳುವ ಹುಡುಗರಲ್ಲಿ ಲೇಸರ್ ನಿಜವಾದ ನೆರವು ಕೊಡುತ್ತದೆ. 1600 ಮೀಟರ್ ಓಟಕ್ಕೆ ತಯಾರಾಗುತ್ತಿದ್ದ ಒಬ್ಬ ಯುವಕ, ಕಾಲೆತ್ತಿದಾಗಲೆಲ್ಲ ಮಂಚದ ಅಂಚನ್ನು ಹಿಡಿದು ಹಲ್ಲು ಕಚ್ಚುತ್ತಿದ್ದವನು, ಎರಡನೆಯ ವಾರದ ಹೊತ್ತಿಗೆ ಅದೇ ಕೋನದಲ್ಲಿ ಉಸಿರು ಸರಾಗವಾಗಿ ಬಿಡುತ್ತಾ ಮಾತಾಡತೊಡಗಿದ. ಅಷ್ಟು ಬೇಗ ಸ್ನಾಯು ಉದ್ದವಾಗುವುದಿಲ್ಲ. ಎಳೆತವನ್ನು ಸಹಿಸುವ ಶಕ್ತಿ ಹೆಚ್ಚಿರುತ್ತದೆ. ಮೊದಲ ವಾರಗಳ ಸುಧಾರಣೆಯ ಬಹುಪಾಲು ಇಂಥದ್ದೇ. ಕೂತು ಕೂತು ಬಿಗಿಯಾದ ವಿದ್ಯಾರ್ಥಿಗಳಿಗೆ ನೋವೇ ಇರುವುದಿಲ್ಲವಾದ್ದರಿಂದ ಅವರಿಗೆ ನಾನು ಲೇಸರ್ ಸೂಚಿಸುವುದೇ ಅಪರೂಪ.

ಎಚ್ಚರಿಕೆಗಳಲ್ಲಿ ಮೊದಲನೆಯದು ಕಣ್ಣು. 808 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲವೆನ್ನಬಹುದು, ಆದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಅಕ್ಷಿಪಟಕ್ಕಾಗುವ ಹಾನಿ ವಾಸಿಯಾಗುವಂಥದ್ದಲ್ಲ. ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕವನ್ನು ರೋಗಿಯೂ ನಾನೂ ಹಾಕಿಕೊಳ್ಳಬೇಕು, ತಂಪು ಕನ್ನಡಕ ನಡೆಯದು. 500 ಮಿಲಿವ್ಯಾಟ್ ಮೀರಿದ ನಾಲ್ಕನೆಯ ವರ್ಗದ ಲೇಸರ್ ಚರ್ಮವನ್ನು ಕಾಯಿಸಬಲ್ಲದು, ಮತ್ತು ಮೆಲನಿನ್ ಬೆಳಕನ್ನು ಹೀರುವುದರಿಂದ ಬಿಸಿಲಿನಲ್ಲಿ ದುಡಿದು ಕಪ್ಪಾದ ನಮ್ಮ ಹುಡುಗರ ಚರ್ಮ ಬೇಗ ಬಿಸಿಯಾಗುತ್ತದೆ. ಅಂಥ ಯಂತ್ರದಲ್ಲಿ ಪ್ರೋಬನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತಲೇ ಇರಬೇಕು. ಹಚ್ಚೆಯ ಮೇಲೆ ಹಾಯಿಸಬಾರದು. ಕ್ಯಾನ್ಸರ್ ಗಡ್ಡೆಯಿರುವ ಜಾಗ, ಗರ್ಭಿಣಿಯ ಹೊಟ್ಟೆ, ರಕ್ತ ಸೋರುತ್ತಿರುವ ಹೊಸ ಗಾಯ, ಇವುಗಳ ಮೇಲೆ ಲೇಸರ್ ಬೇಡ. ಮೊಡವೆಗೆ ಡಾಕ್ಸಿಸೈಕ್ಲಿನ್ ನುಂಗುತ್ತಿರುವವರು ಈ ವಯಸ್ಸಿನಲ್ಲಿ ಸಾಕಷ್ಟಿದ್ದಾರೆ. ಅದು ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧವಾದ್ದರಿಂದ ಮಾತ್ರೆಗಳ ಬಗ್ಗೆ ಕೇಳಿಯೇ ಮುಂದುವರಿಯುತ್ತೇನೆ.

ಚಿಕಿತ್ಸೆಯ ಸರಣಿ ಮುಗಿದ ಒಂದು ತಿಂಗಳ ಮೇಲೆ ಎಲ್ಲರನ್ನೂ ಮತ್ತೆ ಕರೆದು ಅದೇ ಪಟ್ಟಿ ಬಿಗಿದು, ಅದೇ ಗೋನಿಯೋಮೀಟರಿನಿಂದ ಅಳೆಯುತ್ತೇನೆ. ಮನೆಯಲ್ಲಿ ಸ್ಟ್ರೆಚಿಂಗ್ ಮುಂದುವರಿಸಿದವರ ಕೋನ ಉಳಿದಿರುತ್ತದೆ, ನಿಲ್ಲಿಸಿದವರದು ಹಿಂದಕ್ಕೆ ಸರಿದಿರುತ್ತದೆ. ನಿಲ್ಲಿಸಿದವರು ಇನ್ನೊಂದು ಸಲ ಲೇಸರ್ ಕೊಡಿ ಎಂದು ಕೇಳುವುದುಂಟು. ನೋವಿಲ್ಲದಿದ್ದರೆ ನಾನು ಒಪ್ಪುವುದಿಲ್ಲ. ಮನೆಯ ಬಾಗಿಲ ಚೌಕಟ್ಟಿಗೆ ಹಿಮ್ಮಡಿಯಿಟ್ಟು ಮಲಗಿ, ಒಂದೊಂದು ಕಾಲಿಗೂ 30 ಸೆಕೆಂಡಿನ ಸ್ಟ್ರೆಚಿಂಗ್ ಅನ್ನು ಎರಡು ವಾರ ತಪ್ಪದೆ ಮಾಡಿ ಬನ್ನಿ, ಅಳೆದು ನೋಡಿ ತೀರ್ಮಾನಿಸೋಣ ಎಂದು ಹೇಳಿ ಕಳಿಸುತ್ತೇನೆ.