ಆಂಟೆನಾ ಇನ್ಸುಲೇಟರ್ ಎರಕಕ್ಕೆ ಯಾವ ರಾಳ, ಯಾವ ಪುಡಿ?

ತಂತಿ ಆಂಟೆನಾ ಕಟ್ಟುವ ಹವ್ಯಾಸಿ ರೇಡಿಯೊ ಆಸಕ್ತರು ತಂತಿಯನ್ನು ಅಂಗುಲ ಅಂಗುಲ ಅಳೆದು ಕತ್ತರಿಸುತ್ತಾರೆ. ಅದೇ ತಂತಿಯ ತುದಿಗೆ ಬೇಕಾದ ಇನ್ಸುಲೇಟರನ್ನು (ತಂತಿಯನ್ನು ಹಗ್ಗಕ್ಕೆ ಸೇರಿಸುವ, ವಿದ್ಯುತ್ ಹರಿಯಬಿಡದ ತುಂಡನ್ನು) ಮನೆಯಲ್ಲೇ ಎರಕ ಹೊಯ್ಯುವಾಗ ಮಾತ್ರ ಕೈಗೆ ಸಿಕ್ಕ ರಾಳವನ್ನು (ಸುರಿದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್ಕನ್ನು) ಕೈಗೆ ಸಿಕ್ಕ ಬಣ್ಣದೊಂದಿಗೆ ಕಲಸಿ ಸುರಿದುಬಿಡುತ್ತಾರೆ. ಹೀಗೆ ಮಾಡಿ ಕೆಟ್ಟ ಹಲವು ಇನ್ಸುಲೇಟರ್‌ಗಳನ್ನು ನಾನು ಒಡೆದು ನೋಡಿದ್ದೇನೆ. ಒಳಗೆ ವಿದ್ಯುತ್ ಹಾದು ಸುಟ್ಟ ಗುರುತು ಕಂಡದ್ದು ತೀರಾ ಅಪರೂಪ. ನೀರು ಕುಡಿದದ್ದು, ಬಿಸಿಲಿಗೆ ಮೆತ್ತಗಾದದ್ದು, ರಂಧ್ರದ ಬಳಿ ಸೀಳಿದ್ದು, ಇವೇ ಹೆಚ್ಚು. ಆದ್ದರಿಂದ ಸಾಮಗ್ರಿಯನ್ನು ಮಳೆ, ಬಿಸಿಲು ಮತ್ತು ಜಗ್ಗಾಟವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು.

ಮೊದಲ ಹಂತ: ಇನ್ಸುಲೇಟರ್ ಎಲ್ಲಿಗೆ ಎಂಬುದನ್ನು ನಿರ್ಧರಿಸಿ. ಅರ್ಧ ತರಂಗದ ಡೈಪೋಲ್‌ನ (ತರಂಗದ ಅರ್ಧದಷ್ಟು ಉದ್ದದ, ನಡುವೆ ಶಕ್ತಿ ಊಡುವ ತಂತಿ ಆಂಟೆನಾದ) ನಡುವೆ ಪ್ರತಿರೋಧ ಸುಮಾರು 73 ಓಮ್ ಇರುವುದರಿಂದ 100 ವ್ಯಾಟ್ ಪ್ರಸಾರದಲ್ಲಿ ಅಲ್ಲಿ ಬರುವುದು ಸುಮಾರು 85 ವೋಲ್ಟ್ ಮಾತ್ರ. ತುದಿಗಳಲ್ಲಿ ಪ್ರತಿರೋಧ ಸಾವಿರಾರು ಓಮ್‌ಗಳಿಗೆ ಏರುತ್ತದೆ. ಅದನ್ನು 3,000 ಓಮ್ ಎಂದು ಹಿಡಿದರೆ ಅದೇ 100 ವ್ಯಾಟ್‌ಗೆ ಸುಮಾರು 550 ವೋಲ್ಟ್ ಆಗುತ್ತದೆ. ಒಳ್ಳೆಯ ಎಪಾಕ್ಸಿಯ (ಎರಡು ಭಾಗ ಕಲಸಿ ಗಟ್ಟಿಮಾಡುವ ರಾಳದ) ಒಂದು ಮಿಲಿಮೀಟರ್ ದಪ್ಪವೇ ಇದರ ಹಲವು ಪಟ್ಟು ತಾಳಬಲ್ಲದು. ಆದರೆ ಒದ್ದೆಯಾಗಿ ಧೂಳು ಹಿಡಿದ ಮೇಲ್ಮೈ ಹಾಗೆ ತಾಳುವುದಿಲ್ಲ. ತುದಿಯ ಇನ್ಸುಲೇಟರ್ ಉದ್ದವಾಗಿಯೂ ನುಣುಪಾಗಿಯೂ ಇರಬೇಕಾದದ್ದು ಇದೇ ಕಾರಣಕ್ಕೆ.

ಎರಡನೆಯ ಹಂತ: ಬೇಡವಾದವನ್ನು ಬದಿಗಿಡಿ. ಪ್ಲಾಸ್ಟರ್ ಮತ್ತು ಸಿಮೆಂಟ್ ನೀರು ಹೀರುತ್ತವೆ. ನೈಲಾನ್ ಕೂಡ ತೇವ ಹಿಡಿಯುತ್ತದೆ. ಬಿಸಿ ಅಂಟಿನ ಕಡ್ಡಿ ಬೇಸಿಗೆಯ ಬಿಸಿಲಿಗೆ ಜಾರುತ್ತದೆ. ಪಿವಿಸಿ ಪೈಪನ್ನು ಕರಗಿಸುವ ಯೋಚನೆಯನ್ನು ಯಾರೂ ಮಾಡಬಾರದು, ಅದು ಕಾದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಕಾರಿ ಅನಿಲ ಹೊರಬರುತ್ತದೆ. ಪಾಲಿಥೀನ್ ವಿದ್ಯುತ್ ಗುಣದಲ್ಲಿ ರಾಳಗಳಿಗಿಂತ ಎಷ್ಟೋ ಮೇಲು. ಆದರೆ ಮನೆಯಲ್ಲಿ ಕರಗಿಸಿ ಸುರಿದರೆ ಆರುವಾಗ ಕುಗ್ಗಿ ಒಳಗೆ ಟೊಳ್ಳು ಬಿಡುತ್ತದೆ. ಅದೇ ಬೇಕೆಂದಾದರೆ ದಪ್ಪ ಹಲಗೆಯಿಂದ ಕೊಯ್ದು ತೂತು ಕೊರೆಯುವುದೇ ಸರಿಯಾದ ದಾರಿ.

ಮೂರನೆಯ ಹಂತ: ರಾಳದ ಆಯ್ಕೆ. ಪಾಲಿಯೆಸ್ಟರ್ ರಾಳ ಅಗ್ಗ, ಸುಲಭವಾಗಿ ಸಿಗುತ್ತದೆ. ಆದರೆ ಗಟ್ಟಿಯಾಗುವಾಗ ಎಪಾಕ್ಸಿಗಿಂತ ಬಹಳ ಹೆಚ್ಚು ಕುಗ್ಗುತ್ತದೆ ಮತ್ತು ಪೆಡಸು. ಬೇಗ ಆರಲಿ ಎಂದು ವೇಗವರ್ಧಕ ಹೆಚ್ಚು ಹಾಕಿದರೆ ಅಚ್ಚಿನಲ್ಲೇ ಬಿರುಕು ಬಿಡುತ್ತದೆ. ಪಾಲಿಯುರೆಥೇನ್ ರಾಳಕ್ಕೆ ಗಾಳಿಯ ತೇವ ತಗಲಿದರೆ ಸಾಕು, ನೊರೆಯಾಗುತ್ತದೆ. ನನ್ನ ಆಯ್ಕೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, ಅದೂ ಪೂರ್ತಿ ಬಲ ಬರಲು ಒಂದು ದಿನ ಅಥವಾ ಹೆಚ್ಚು ತೆಗೆದುಕೊಳ್ಳುವಂಥದ್ದು. ಐದು ನಿಮಿಷದಲ್ಲಿ ಅಂಟುವ ಎಪಾಕ್ಸಿಯನ್ನು ಈ ಕೆಲಸಕ್ಕೆ ಮುಟ್ಟಬೇಡಿ. ಅದು ನೀರಿಗೂ ಶಾಖಕ್ಕೂ ಬೇಗ ಸೋಲುತ್ತದೆ, ಹೆಚ್ಚು ಪ್ರಮಾಣದಲ್ಲಿ ಕಲಸಿದರೆ ಬಟ್ಟಲಿನಲ್ಲೇ ಕುದಿದು ಹೊಗೆಯಾಡುತ್ತದೆ.

ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಹಲವು ಎಪಾಕ್ಸಿಗಳು 50-60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗತೊಡಗುತ್ತವೆ. ನೇರ ಬಿಸಿಲಿನಲ್ಲಿ ನೇತಾಡುವ ಕಪ್ಪು ವಸ್ತು ಆ ಬಿಸಿಯನ್ನು ಮುಟ್ಟುವುದು ಕಷ್ಟವೇನಲ್ಲ. ಹಗ್ಗದ ಜಗ್ಗಾಟಕ್ಕೆ ರಂಧ್ರ ದಿನದಿನಕ್ಕೂ ಉದ್ದುದ್ದ ಹಿಗ್ಗಿ ಮೊಟ್ಟೆಯಾಕಾರ ತಾಳುತ್ತದೆ. ಕೊಳ್ಳುವ ಮುನ್ನ ಮಾಹಿತಿ ಪತ್ರದಲ್ಲಿ ಶಾಖ ತಾಳುವ ಮಿತಿಯನ್ನು ಓದಿ. ಅದನ್ನು ನಮೂದಿಸದ ಡಬ್ಬಿಯನ್ನು ನಾನು ಕೊಳ್ಳುವುದಿಲ್ಲ.

ನಾಲ್ಕನೆಯ ಹಂತ: ಪುಡಿ ಮತ್ತು ಬಣ್ಣ. ಅತಿ ಹೆಚ್ಚು ಮಂದಿ ಎಡವುವುದು ಇಲ್ಲಿ. ಕಪ್ಪಾಗಿರಲಿ ಎಂದು ಇದ್ದಿಲ ಪುಡಿ ಅಥವಾ ಕಾರ್ಬನ್ ಬ್ಲ್ಯಾಕ್ ಧಾರಾಳವಾಗಿ ಕಲಸಿದರೆ, ಇಂಗಾಲ ವಿದ್ಯುತ್ ವಾಹಕವಾದ್ದರಿಂದ ಇನ್ಸುಲೇಟರ್ ಶಕ್ತಿಯನ್ನು ತಾನೇ ನುಂಗಿ ಬಿಸಿಯಾಗುತ್ತದೆ. ಹೊಳಪಿನ ಬಣ್ಣಗಳಲ್ಲಿ ಲೋಹದ ಪುಡಿ ಇರಬಹುದು. 'ಉಕ್ಕಿನಂಥ ಬಲ' ಎಂದು ಮಾರುವ ಬೂದು ಬಣ್ಣದ ಎಪಾಕ್ಸಿಗಳಲ್ಲಿ ಲೋಹವೇ ಇರುವುದುಂಟು. ಅಂಥ ಒಂದನ್ನು ಲೇಬಲ್ ಸರಿಯಾಗಿ ಓದದೆ ಬಳಸಿ ಆರು ಇನ್ಸುಲೇಟರ್‌ಗಳನ್ನು ಎಸೆದಿದ್ದೇನೆ. ನೀವು ಆ ತಪ್ಪು ಮಾಡಬೇಡಿ. ಬಣ್ಣ ಬೇಕಿದ್ದರೆ ಟೈಟಾನಿಯಂ ಡೈಆಕ್ಸೈಡ್‌ನ ಬಿಳಿಯೇ ಉತ್ತಮ. ಅದು ಬಿಸಿಲಿನ ಅತಿನೇರಳೆ ಕಿರಣವನ್ನು ಮೇಲ್ಮೈಯಲ್ಲೇ ತಡೆಯುತ್ತದೆ, ತಂಪಾಗಿಯೂ ಇಡುತ್ತದೆ.

ಭರ್ತಿಗೆ ನುಣ್ಣನೆಯ ಸಿಲಿಕಾ ಪುಡಿಯನ್ನು ಬಳಸಿ. ಕಾರ್ಖಾನೆಯ ಎಪಾಕ್ಸಿ ಇನ್ಸುಲೇಟರ್‌ಗಳಲ್ಲಿ ಸಾಮಾನ್ಯವಾಗಿ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಇದೇ ಇರುತ್ತದೆ. ಅದು ಕುಗ್ಗುವಿಕೆಯನ್ನೂ ಗಟ್ಟಿಯಾಗುವಾಗ ಹುಟ್ಟುವ ಶಾಖವನ್ನೂ ತಗ್ಗಿಸುತ್ತದೆ. ಮನೆಯಲ್ಲಿ ರಾಳದ ತೂಕದಷ್ಟೇ ಪುಡಿ ಸಾಕು, ಅದಕ್ಕಿಂತ ಮಂದವಾದರೆ ಗಾಳಿಗುಳ್ಳೆ ಮೇಲೇಳುವುದಿಲ್ಲ. ಕಲಸುವ ಮುನ್ನ ಪುಡಿಯನ್ನು 110 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ ತೇವ ಹೋಗಲಾಡಿಸಿ, ತಣಿಯಲು ಬಿಡಿ. ಈ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು. ಧೂಳು ತಡೆಯುವ ಸರಿಯಾದ ಮುಖಗವಸು ಇಲ್ಲದೆ ಚೀಲ ಬಿಚ್ಚಲೇಬಾರದು.

ಆರಿಸಿದ ಮಿಶ್ರಣ ರೇಡಿಯೊ ಶಕ್ತಿಯನ್ನು ನುಂಗುತ್ತದೆಯೇ ಎಂದು ತಿಳಿಯಲು, ಅದನ್ನು ಮೊದಲು ಸಣ್ಣ ಬಿಲ್ಲೆಯಾಗಿ ಎರೆದು, ಪೂರ್ತಿ ಗಟ್ಟಿಯಾದ ಮೇಲೆ, ಅಡುಗೆಗೆ ಬಳಸದ ಹಳೆಯ ಮೈಕ್ರೋವೇವ್ ಒಲೆಯಲ್ಲಿ ಒಂದು ಲೋಟ ನೀರಿನೊಂದಿಗೆ ಅರ್ಧ ನಿಮಿಷ ಇಟ್ಟು ಮುಟ್ಟಿ ನೋಡಿ. ಒಲೆಯ ಆವರ್ತನ 2.45 ಗಿಗಾಹರ್ಟ್ಸ್ ಆದ್ದರಿಂದ ಇದು ನಮ್ಮ ತಂತಿ ಆಂಟೆನಾ ಬಳಸುವ, ಅದಕ್ಕಿಂತ ಬಹಳ ಕಡಿಮೆ ಆವರ್ತನದ ಕಿರುತರಂಗಕ್ಕೆ ನೇರ ಅಳತೆಯಲ್ಲ. ತುಸು ಬೆಚ್ಚಗಾದರೆ ಚಿಂತೆಯಿಲ್ಲ, ಎಪಾಕ್ಸಿಯ ಸ್ವಭಾವವೇ ಹಾಗೆ. ಬೇಗನೆ ಸುಡುವಷ್ಟು ಕಾದರೆ ಅಥವಾ ಕಿಡಿ ಹಾರಿದರೆ ಆ ಪುಡಿಯನ್ನೋ ಬಣ್ಣವನ್ನೋ ಬಿಟ್ಟುಬಿಡಿ.

ಐದನೆಯ ಹಂತ: ಅಚ್ಚು. ಸಿಲಿಕೋನ್ ರಬ್ಬರ್ ಅಥವಾ ಪಾಲಿಪ್ರೊಪಿಲೀನ್ ಸಾಕು, ಎಪಾಕ್ಸಿ ಇವಕ್ಕೆ ಅಂಟುವುದಿಲ್ಲ.

ಆರನೆಯ ಹಂತ: ಕಲಸುವುದು. ತಯಾರಕರು ತೂಕದ ಅಳತೆ ಕೊಟ್ಟಿದ್ದರೆ ತೂಗಿಯೇ ಹಾಕಬೇಕು, ಚಮಚದ ಲೆಕ್ಕ ನಡೆಯದು. ಹಾರ್ಡನರ್ (ರಾಳವನ್ನು ಗಟ್ಟಿಮಾಡುವ ಎರಡನೆಯ ಭಾಗ) ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ಪಾಲಿಯೆಸ್ಟರ್ ಬಳಸಿದವರಿಂದ ಬಂದ ತಪ್ಪು ನಂಬಿಕೆ. ಎಪಾಕ್ಸಿಯಲ್ಲಿ ಹೆಚ್ಚಾದ ಪಾಲು ಕೂಡಿಕೊಳ್ಳದೆ ಉಳಿದು ವಸ್ತುವನ್ನು ಮೆದುವಾಗಿಸುತ್ತದೆ. ಬಟ್ಟಲಿನ ಗೋಡೆಗೆ ಅಂಟಿದ ರಾಳ ಬೆರೆಯದೆ ಉಳಿಯುತ್ತದೆ. ಒಡೆದ ತುಂಡಿನ ನಡುವೆ ಬೆರಳಿಗೆ ಜಿಗುಟಾಗಿ ಹತ್ತುವ ಎಳೆ ಕಂಡರೆ ಅದು ಈ ತಪ್ಪಿನದೇ. ಒಮ್ಮೆ ಕಲಸಿ, ಎರಡನೆಯ ಸ್ವಚ್ಛ ಬಟ್ಟಲಿಗೆ ಸುರಿದು, ಮತ್ತೆ ಕಲಸಿ, ಆಮೇಲೆ ಪುಡಿ ಸೇರಿಸಿ ತೆಳ್ಳನೆಯ ಧಾರೆಯಾಗಿ ಅಚ್ಚಿನ ಒಂದೇ ಮೂಲೆಯಿಂದ ಹೊಯ್ಯಿರಿ.

ಆಕಾರದ ವಿಷಯದಲ್ಲಿ, ಒಂದಕ್ಕೊಂದು ಅಡ್ಡವಾದ ಎರಡು ರಂಧ್ರಗಳ ಮೊಟ್ಟೆಯಾಕಾರವನ್ನೇ ಆರಿಸಿ. ಎರಡೂ ಕಡೆಯ ಕುಣಿಕೆಗಳು ಒಂದರೊಳಗೊಂದು ಹಾಯ್ದಿರುವುದರಿಂದ ರಾಳ ಜಗ್ಗಾಟಕ್ಕೆ ಬದಲು ಒತ್ತಡಕ್ಕೆ ಒಳಗಾಗುತ್ತದೆ. ರಾಳಕ್ಕೆ ಒತ್ತಡ ತಾಳುವ ಬಲವೇ ಹೆಚ್ಚು. ಅಕಸ್ಮಾತ್ ಒಡೆದರೂ ತಂತಿ ನೆಲಕ್ಕೆ ಬೀಳುವುದಿಲ್ಲ. ರಂಧ್ರದ ಅಂಚನ್ನು ಉಜ್ಜುಕಾಗದದಿಂದ ದುಂಡಗೆ ಮಾಡಿ. ಒಂದು ವಾರ ಬಿಟ್ಟು, ಕಟ್ಟುವ ಭಾರದ ಎರಡರಷ್ಟನ್ನು ಬಿಸಿಲಿನಲ್ಲಿ ಒಂದು ದಿನ ನೇತುಹಾಕಿ. ರಂಧ್ರದ ಆಕಾರ ಬದಲಾಗದಿದ್ದರೆ ಅದನ್ನು ಆಂಟೆನಾಗೆ ಕಟ್ಟಬಹುದು.