ಎದೆಹಾಲನ್ನು ಒಲೆ ಮೇಲಿಡಬೇಡಿ

ಹಾಲು ಕಂಡರೆ ಕಾಯಿಸುವುದು ನಮ್ಮ ಕೋಲಾರದ ಕಡೆ ಅಭ್ಯಾಸ. ಡೇರಿಗೆ ಹಾಕಿ ಮಿಕ್ಕ ಹಾಲು ಉಕ್ಕಿದ ಮೇಲೇ ಮನೆಯಲ್ಲಿ ಕಾಫಿ. ಅಣ್ಣನ ಮಗಳು ಬಾಣಂತನ ಮುಗಿಸಿ ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತಿದ ಮೊದಲ ದಿನ ಆದದ್ದೂ ಅದೇ. ಎದೆಹಾಲು ಹಿಂಡಿ ಸ್ಟೀಲ್ ಲೋಟದಲ್ಲಿಟ್ಟು ಹೋಗಿದ್ದಳು. ಅತ್ತಿಗೆ ಅದನ್ನು ಎರಡು ಉಕ್ಕು ಬರುವ ತನಕ ಕಾಯಿಸಿಬಿಟ್ಟರು. "ಹಸಿ ಹಾಲು ಕೂಸಿಗೆ ಕುಡಿಸೋದುಂಟಾ?" ಅನ್ನುವುದು ಅವರ ಪ್ರಶ್ನೆ.

ಹಸುವಿನ ಹಾಲಿಗಾದರೆ ಸರಿ. ಎದೆಹಾಲಿನ ಲೆಕ್ಕವೇ ಬೇರೆ. ಅದರಲ್ಲಿ ವೈರಸ್‌ಗಳನ್ನು ತಡೆಯುವ ಪದಾರ್ಥಗಳಿವೆ, ಕುದಿಸಿದರೆ ಅವುಗಳಲ್ಲಿ ಮುಖ್ಯವಾದವು ಕೆಡುತ್ತವೆ. ಐಜಿಎ ಎಂಬ ಪ್ರತಿಕಾಯವನ್ನೇ ನೋಡಿ. ಅಮ್ಮನ ಹೊಟ್ಟೆಗೋ ಗಂಟಲಿಗೋ ಹೊಕ್ಕ ರೋಗಾಣುವಿನ ಗುರುತು ಹಿಡಿದು ಅವಳ ಮೈ ಇದನ್ನು ತಯಾರಿಸಿ ಹಾಲಿಗೆ ಕಳಿಸುತ್ತದೆ. ಅಂದರೆ ಆ ಮನೆಯಲ್ಲಿ, ಆ ಬೀದಿಯಲ್ಲಿ ಓಡಾಡುವ ರೋಗಕ್ಕೇ ತಕ್ಕ ಹಾಲು! ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ವೈರಸ್ಸು ಜೀವಕೋಶಕ್ಕೆ ಅಂಟಿಕೊಳ್ಳುವ ಜಾಗಕ್ಕೇ ಅಡ್ಡ ಕೂರುತ್ತದೆ. ಮಗು ಜೀರ್ಣಿಸಿಕೊಳ್ಳಲಾಗದ ನೂರಕ್ಕೂ ಹೆಚ್ಚು ಬಗೆಯ ಸಕ್ಕರೆಗಳೂ ಇವೆ. ಕೆಲವು ವೈರಸ್ಸುಗಳು ಕರುಳೆಂದು ಮೋಸಹೋಗಿ ಇವಕ್ಕೇ ಅಂಟಿಕೊಂಡು ಹೊರಗೆ ಹೋಗುತ್ತವೆ. ಕುದಿಸಿದರೂ ಸಕ್ಕರೆ ಉಳಿಯುತ್ತದೆ, ಪ್ರೋಟೀನು ಉಳಿಯಲ್ಲ.

ಇವೆಲ್ಲ ಅತಿ ಜಾಸ್ತಿ ಇರುವುದು ಹೆರಿಗೆಯಾದ ಮೊದಲ ಎರಡು ಮೂರು ದಿನದ ಹಳದಿ ಹಾಲಿನಲ್ಲಿ. ಹಸು ಈದರೆ ಗಿಣ್ಣಿಗೆ ಊರೆಲ್ಲ ಕಾಯುತ್ತೇವೆ, ಮಗುವಿನ ಗಿಣ್ಣುಹಾಲನ್ನು ಮಾತ್ರ ಹಿಂಡಿ ಚೆಲ್ಲಿ ಸಕ್ಕರೆ ನೀರು ಹಾಕುತ್ತೇವೆ. ಯಾವ ನ್ಯಾಯ, ಅಲ್ವಾ?

ಈಗ ಹಿಂಡುವ ವಿಚಾರ. ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ಮುಚ್ಚಳದ ಸಮೇತ ಕುದಿಯುವ ನೀರಲ್ಲಿ ಹತ್ತು ನಿಮಿಷ ಬಿಡಿ. ಕುದಿಸಬೇಕಾದ್ದು ಬಟ್ಟಲನ್ನು! ಸೋಪು ಹಾಕಿ ಕೈ ತೊಳೆಯಿರಿ. ತೊಟ್ಟಿನಿಂದ ಸುಮಾರು ಒಂದಿಂಚು ಹಿಂದೆ, ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಡಿ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಹತ್ತಿರ ತಂದು ಅದುಮಿ, ಬಿಡಿ. ತೊಟ್ಟನ್ನು ಎಳೆಯಬೇಡಿ. ಮೊದಲು ಒಂದು ಹನಿಯೂ ಬರದಿದ್ದರೆ ಗಾಬರಿ ಬೇಡ, ಒಂದೆರಡು ನಿಮಿಷ ಬೇಕಾಗುತ್ತದೆ. ಬೆರಳನ್ನು ಸುತ್ತ ಜರುಗಿಸುತ್ತಾ, ಎದೆ ಬದಲಿಸುತ್ತಾ ಇಪ್ಪತ್ತು ಮೂವತ್ತು ನಿಮಿಷ ಹಿಂಡಿ. ನೋವಾದರೆ ಒತ್ತುವ ರೀತಿ ತಪ್ಪಿದೆ ಅಂತ ಅರ್ಥ.

ಹೊರಗೆ ಇಡುವುದಾದರೆ 25 ಡಿಗ್ರಿಯೊಳಗಿನ ತಂಪು ಜಾಗದಲ್ಲಿ 4 ಗಂಟೆ. ಏಪ್ರಿಲ್ ಬಿಸಿಲಲ್ಲಿ ಅಷ್ಟು ನೆಚ್ಚಬೇಡಿ. ಫ್ರಿಜ್ಜಲ್ಲಿ 4 ದಿನ ಇಡಬಹುದು ಅನ್ನುತ್ತಾರೆ. ಕರೆಂಟು ಹೋಗಿ ಬರುವ ನಮ್ಮೂರಲ್ಲಿ 24 ಗಂಟೆಯೊಳಗೆ ಮುಗಿಸುವುದೇ ವಾಸಿ. ಬಾಗಿಲಲ್ಲಿ ಬೇಡ, ಒಳಗೆ ಹಿಂಬದಿಗೆ ಇಡಿ. ಮೇಲೆ ಕೆನೆ ಕಟ್ಟಿದರೆ ಹಾಲು ಕೆಟ್ಟಿಲ್ಲ, ಮೆಲ್ಲಗೆ ಆಡಿಸಿದರೆ ಬೆರೆಯುತ್ತದೆ. ಒಮ್ಮೊಮ್ಮೆ ಸೋಪಿನ ವಾಸನೆ ಬರುತ್ತದೆ. ಅದು ಕೊಬ್ಬು ಒಡೆದದ್ದು. ಹಾಗೆ ಒಡೆದ ಕೊಬ್ಬು ಕೊಬ್ಬಿನ ಹೊದಿಕೆಯಿರುವ ವೈರಸ್ಸುಗಳನ್ನು ಹಾಳುಮಾಡುತ್ತದೆ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಿ.

ಕುಡಿಸುವ ಮುಂಚೆ ಬಟ್ಟಲನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಕೂರಿಸಿದರೆ ಸಾಕು. ಮೈಕ್ರೋವೇವ್ ಬೇಡ, ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ತಣ್ಣಗೇ ಇರುತ್ತದೆ. ಒಳಲೆಯಲ್ಲಿ, ಇಲ್ಲವೇ ಚಮಚದಲ್ಲಿ ಕುಡಿಸಿ.

ಎದೆಹಾಲು ಕುಡಿಯುತ್ತಿದೆ ಅಂತ 6, 10, 14ನೇ ವಾರದ ರೋಟಾ ಹನಿ (ವೈರಸ್ಸಿನಿಂದ ಬರುವ ಭೇದಿಗೆ ಹಾಕುವ ಲಸಿಕೆ) ತಪ್ಪಿಸಬೇಡಿ. ತಾಯಿಗೆ ಎಚ್‌ಐವಿ ಇದ್ದರೆ ಅವಳ ಮಾತ್ರೆ, ಹಾಲುಣಿಸುವುದು ಎರಡನ್ನೂ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಬೇಕು.

ಮಗು ಬಾಯಿಟ್ಟು ಉಳಿಸಿದ ಹಾಲನ್ನು 2 ಗಂಟೆಯೊಳಗೆ ಕುಡಿಸಿ, ಇಲ್ಲ ಚೆಲ್ಲಿ. ಅತ್ತಿಗೆಗೆ ಈಗಲೂ ಚೆಲ್ಲಲು ಮನಸ್ಸು ಬರಲ್ಲ, ಅದಕ್ಕೇ ಒಂದು ಸಲಕ್ಕೆ ಆಗುವಷ್ಟನ್ನೇ ಚಿಕ್ಕ ಚಿಕ್ಕ ಬಟ್ಟಲಲ್ಲಿ ಇಡಿಸುತ್ತಾರೆ.