ದೊಡ್ಡಮಾವನ ಪಾಲು

ಅಜ್ಜಯ್ಯ ತೀರಿಕೊಂಡಿದ್ದು 2016ರಲ್ಲಿ. ಮಲೆನಾಡಿನ ಮೂಲೆಯ ನಮ್ಮೂರಲ್ಲಿ 2 ಎಕರೆ 10 ಗುಂಟೆ ಅಡಿಕೆ ತೋಟ, ಒಂದು ಹಳೇ ಮನೆ, ಬ್ಯಾಂಕಿನಲ್ಲೊಂದು ಎಫ್‌ಡಿ. ಎಲ್ಲ ಸ್ವಯಾರ್ಜಿತ, ಉಯಿಲು ಬರೆದಿರಲಿಲ್ಲ. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದರು. ಮಕ್ಕಳು ಮೂವರು: ದೊಡ್ಡಮಾವ, ಅಮ್ಮ, ಚಿಕ್ಕಮಾವ. ದೊಡ್ಡಮಾವ 1986ರಲ್ಲಿ ಬೊಂಬಾಯಿಗೆ ಓಡಿಹೋದವನು. 1991ರಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬಂತು, ಆಮೇಲೆ ಸುದ್ದಿಯಿಲ್ಲ. ಕಚೇರಿ ಓಡಾಟವೆಲ್ಲ ನನ್ನ ತಲೆಗೆ ಬಂತು.

ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ವಂಶವೃಕ್ಷ ಬೇಕು. ಪರಿಚಯದ ಬ್ರೋಕರ್ ಒಬ್ಬ, "ಅವರ ಹೆಸರೇ ಬರೀಬೇಡಿ, ಯಾರು ಕೇಳ್ತಾರೆ" ಎಂದ. ಚಿಕ್ಕಮಾವನಿಗೂ ಅದೇ ಸರಿ ಅನಿಸಿತ್ತು. ಆದರೆ ವಂಶವೃಕ್ಷದ ಜೊತೆ ಅಫಿಡವಿಟ್ ಇರುತ್ತದೆ, ಸುಳ್ಳು ಪ್ರಮಾಣ ಮಾಡಿದರೆ ಕ್ರಿಮಿನಲ್ ಕೇಸು. ಪಹಣಿಯಲ್ಲಿ ಹೆಸರು ಕೂತಿತೆಂದು ಹಕ್ಕು ಗಟ್ಟಿಯಾಗುವುದೂ ಇಲ್ಲ. ನಾಳೆ ಅವನ ಮಗನೋ ಮಗಳೋ ಬಂದು ಪಾಲಿನ ದಾವೆ ಹಾಕಿದರೆ ಎಲ್ಲ ಮೊದಲಿಂದ. ಹೆಸರು ಬರೆದೆವು. ಗ್ರಾಮ ಲೆಕ್ಕಿಗರು ನೋಡಿ, "ಡೆತ್ ಸರ್ಟಿಫಿಕೇಟ್ ತನ್ನಿ, ಇಲ್ಲಾಂದ್ರೆ ಆಸಾಮೀನೇ ಕರ್ಕೊಂಬನ್ನಿ" ಎಂದರು.

ಏಳು ವರ್ಷ ಪತ್ತೆಯಿಲ್ಲದಿದ್ದರೆ ಸತ್ತಂತೆ ಲೆಕ್ಕ ಅನ್ನುವುದು ಊರಿಗೆಲ್ಲ ಗೊತ್ತು. ಆದರೆ ಅದು ತಾನಾಗಿ ಆಗುವುದಲ್ಲ, ಕೋರ್ಟಿನಿಂದ ಹೇಳಿಸಬೇಕು. ನಮ್ಮ ಕಾಲಕ್ಕೆ 1872ರ ಸಾಕ್ಷ್ಯ ಅಧಿನಿಯಮದ 107, 108ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 110, 111. ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ಮುಟ್ಟಬೇಕಿತ್ತೋ ಅವರಿಗೆ ಏಳು ವರ್ಷ ಮುಟ್ಟಿಲ್ಲ ಎಂದು ತೋರಿಸಬೇಕು. ಇನ್ನೊಂದು ಗಂಟು ನನಗೆ ಗೊತ್ತಾಗಿದ್ದು ತಡವಾಗಿ: ಕಾನೂನು ಸತ್ತಿದ್ದಾನೆ ಎಂದು ಊಹಿಸಿಕೊಳ್ಳುತ್ತದೆ, ಯಾವಾಗ ಸತ್ತ ಎಂದು ಊಹಿಸುವುದಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟು ಎಲ್‌ಐಸಿ ಪಾಲಿಸಿಯ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಯಾವಾಗ ಅನ್ನುವುದರಿಂದ ಏನಾಗುತ್ತದೆ ಅಂದರೆ, ಅಜ್ಜಯ್ಯ ಹೋದಾಗ ಅಜ್ಜಿ ಬದುಕಿದ್ದರು ಅಂದುಕೊಳ್ಳಿ. ದೊಡ್ಡಮಾವ ಮದುವೆಯಾಗದೆ ಅಜ್ಜಯ್ಯನಿಗಿಂತ ಮೊದಲೇ ಸತ್ತಿದ್ದರೆ ಅಜ್ಜಿಗೆ ಮೂರರಲ್ಲಿ ಒಂದು ಪಾಲು. ಆಮೇಲೆ ಸತ್ತಿದ್ದರೆ ಅವನ ಕಾಲು ಭಾಗವೂ ತಾಯಿಗೇ ಸೇರಿ ಅಜ್ಜಿಗೆ ಅರ್ಧ. ನಮ್ಮ ಮನೆಯಲ್ಲಿ ಅಜ್ಜಿ ಇಲ್ಲದ್ದರಿಂದ ಹೇಗೆ ತಿರುಗಿಸಿದರೂ ಅಮ್ಮನಿಗೆ, ಚಿಕ್ಕಮಾವನಿಗೆ ಸಮಪಾಲು. ಆದರೆ ಅವನಿಗೆ ಹೆಂಡತಿ ಮಕ್ಕಳಿದ್ದರೆ, ಅವನು ಮೊದಲು ಹೋಗಿರಲಿ, ಆಮೇಲೆ ಹೋಗಿರಲಿ, ಆ ಪಾಲು ಅವರದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಂದೆಗಿಂತ ಮೊದಲು ಸತ್ತ ಮಗನ ಹೆಂಡತಿ ಮಕ್ಕಳೂ ಮೊದಲ ವರ್ಗದ ವಾರಸುದಾರರೇ. ಹಾಗಾಗಿ ನಾನು ಹುಡುಕಬೇಕಿದ್ದದ್ದು ಬರೀ ದೊಡ್ಡಮಾವನನ್ನಲ್ಲ, ಅವನ ಸಂಸಾರವನ್ನು.

ಇನ್‌ಲ್ಯಾಂಡ್ ಲೆಟರಿನಲ್ಲಿ ಸಂಸಾರದ ಮಾತೇ ಇಲ್ಲ. ಅಡಿಕೆ ಧಾರಣೆ ಎಷ್ಟು, ಗೌರಿ ಕರು ಹಾಕಿತಾ, ಅಷ್ಟೇ. ಮಡಚಿದ ಗೆರೆಯಲ್ಲಿ ಹರಿದು, ಯಾವ ಕಾಲದಲ್ಲೋ ಅಜ್ಜಿ ಅನ್ನದ ಅಗುಳು ಹಚ್ಚಿ ಅಂಟಿಸಿದ್ದರು. ಕಳಿಸಿದವರ ಜಾಗದಲ್ಲಿ "ಮಾಟುಂಗ, ಬೊಂಬಾಯಿ-19". ಅದನ್ನೇ ಹಿಡಿದು 2018ರಲ್ಲಿ ಹೋದೆ. ಮಾಟುಂಗದ ಹೋಟೆಲುಗಳಲ್ಲಿ, ಮೈಸೂರು ಅಸೋಸಿಯೇಷನ್‌ನಲ್ಲಿ ಫೋಟೋ ತೋರಿಸುತ್ತಾ ಮೂರು ದಿನ ತಿರುಗಿದೆ. ಕುಂದಾಪುರದ ಒಬ್ಬ ಹಳೇ ಸಪ್ಲೈಯರ್ ಮಾತ್ರ, "ಈ ಮೂಗು ನೋಡಿದ ಹಾಗುಂಟು. ಸೂರತ್ ಕಡೆ ಹೋಗ್ತೇನೆ ಹೇಳಿದ್ದ. ಮದ್ವೆಗಿದ್ವೆ ಆದವನಲ್ಲ" ಎಂದರು. ಹೋದ ಬಸ್ಸಿನ, ರೈಲಿನ ಟಿಕೆಟುಗಳನ್ನೆಲ್ಲ ಇಟ್ಟುಕೊಂಡಿದ್ದೆ. ಹುಡುಕಿದ್ದಕ್ಕೆ ಪುರಾವೆಯೆಂದು ಅವೇ ಕೋರ್ಟಿನಲ್ಲಿ ಉಪಯೋಗಕ್ಕೆ ಬಂದವು.

ಠಾಣೆಯಲ್ಲಿ ಕಾಣೆ ದೂರು ಕೊಟ್ಟಾಗ, "ಮೂವತ್ತೆರಡು ವರ್ಷ ಏನ್ ಮಾಡ್ತಿದ್ರಿ?" ಎಂದರು. ಉತ್ತರ ಇರಲಿಲ್ಲ. ಕೆಲವು ತಿಂಗಳಿಗೆ ಪತ್ತೆಯಾಗಿಲ್ಲ ಎಂದು ಠಾಣೆಯಿಂದ ಲಿಖಿತ ಉತ್ತರ, ಹಿಂಬರಹ, ಸಿಕ್ಕಿತು. ಸಿವಿಲ್ ಡೆತ್, ಅಂದರೆ ಕಾನೂನಿನ ಲೆಕ್ಕದಲ್ಲಿ ಸತ್ತಿದ್ದಾನೆ ಎಂಬ ಘೋಷಣೆಗೆ 2019ರಲ್ಲಿ ದಾವೆ ಹಾಕಿದೆವು. ಸರ್ಕಾರವೂ ಪ್ರತಿವಾದಿ, ಅದಕ್ಕೆ ಎರಡು ತಿಂಗಳ ಮುಂಚೆ ನೋಟಿಸು ಕೊಡಬೇಕು, ನಮ್ಮ ವಕೀಲರು ಮರೆತಿದ್ದರು. ಮತ್ತೆ ನೋಟಿಸು, ಮತ್ತೆ ದಾವೆ. ಇಲ್ಲಿನ ಪತ್ರಿಕೆಯಲ್ಲೂ ಮುಂಬಯಿಯ ಪತ್ರಿಕೆಯಲ್ಲೂ ಪ್ರಕಟಣೆ ಕೊಟ್ಟೆವು. ಅಮ್ಮ, ಇಬ್ಬರು ನೆಂಟರು ಸಾಕ್ಷಿ ಹೇಳಿದರು. ನಡುವೆ ಕೊರೊನಾ. 2022ರಲ್ಲಿ ಡಿಕ್ರಿ ಆಯಿತು.

ಡಿಕ್ರಿ ಹಿಡಿದು ಮರಣ ನೋಂದಣಿಗೆ ಹೋದರೆ, "ದಿನಾಂಕ ಎಲ್ಲಿ?" ಸತ್ತಿದ್ದಾನೆ ಎಂದಿತ್ತು, ಯಾವತ್ತು ಎಂದಿರಲಿಲ್ಲ. ಹಳೇ ಗಂಟೇ ಮತ್ತೆ ಕಾಲಿಗೆ ಸಿಕ್ಕಿತು. ಸ್ಪಷ್ಟನೆಗೆ ಅರ್ಜಿ ಹಾಕಿ, ದಾವೆ ಹಾಕಿದ ದಿನವನ್ನೇ ನಮೂದಿಸುವಂತೆ ಆದೇಶ ತರಲು ಇನ್ನೊಂದು ಐದು ತಿಂಗಳು. ನೀವು ದಾವೆ ಹಾಕುವುದಿದ್ದರೆ ಯಾವ ದಿನಾಂಕ ನೋಂದಾಯಿಸಬೇಕು ಅನ್ನುವ ನಿರ್ದೇಶನವನ್ನೂ ದಾವೆಯ ಕೋರಿಕೆಯಲ್ಲೇ ಕೇಳಿಬಿಡಿ.

ಎಫ್‌ಡಿಯ ನಾಮಿನಿ ಅಜ್ಜಿಯಾಗಿದ್ದರಿಂದ ಅದಕ್ಕೆ ಬೇರೆ ಸಕ್ಸೆಷನ್ ಸರ್ಟಿಫಿಕೇಟ್ (ವಾರಸುದಾರರಿಗೆ ಕೋರ್ಟು ಕೊಡುವ ಪ್ರಮಾಣಪತ್ರ), ಜೊತೆಗೆ ಜಾಮೀನು ಬಾಂಡು. ತೋಟ, ಮನೆಗೆ ಆ ಸರ್ಟಿಫಿಕೇಟ್ ನಡೆಯುವುದಿಲ್ಲ. ಅದು ಸಾಲ, ಠೇವಣಿ, ಷೇರಿನಂಥವಕ್ಕೆ ಮಾತ್ರ.

ಕೊನೆಗೆ ನೋಂದಾಯಿತ ವಿಭಾಗ ಪತ್ರ. ಕೋರ್ಟಿನ ಊಹೆ ಊಹೆಯೇ, ಆಸಾಮಿ ಎದುರು ಬಂದು ನಿಂತರೆ ಬಿದ್ದುಹೋಗುತ್ತದೆ. ಅದಕ್ಕೇ, ಅಣ್ಣನಾಗಲಿ ಅವನ ಹೆಂಡತಿ ಮಕ್ಕಳಾಗಲಿ ಬಂದರೆ ಇಬ್ಬರೂ ತಮ್ಮ ತಮ್ಮ ಪಾಲಿನಿಂದ ಅವರ ಭಾಗ ಬಿಟ್ಟುಕೊಡತಕ್ಕದ್ದು ಎಂದು ಒಂದು ಷರತ್ತು ಹಾಕಿಸಬೇಕೆಂದು ಅಮ್ಮ ಹಟ ಹಿಡಿದಳು. ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಚಿಕ್ಕಮಾವ ಅದನ್ನು ಎರಡು ಸಲ ಓದಿದ.

"ಅಲ್ಲ ಅಕ್ಕಯ್ಯ, ಬಂದ್ರೆ ಇಷ್ಟು ವರ್ಷದ ಗೊಬ್ರದ ಖರ್ಚು ಕೊಡ್ತಾನಾ ಅವ್ನು?"

"ಬರ್ಲಿ ಮೊದ್ಲು" ಎಂದಳು ಅಮ್ಮ, ಹೆಬ್ಬೆರಳಿನ ಶಾಯಿ ಸೆರಗಿಗೆ ಒರೆಸಿಕೊಳ್ಳುತ್ತಾ.